ಎಳೆಗೊಂದು ‘ನಾನು’

ವ್ಯಾಕರಣ ಬಲ್ಲವರಿಗೆ ‘ನಾನು’ ಎಂಬ ಸರ್ವನಾಮದ ವೈಚಿತ್ರ್ಯ ಹೊಸತಲ್ಲ. ಶಬ್ದ ಒಂದೇ, ಆಡುವ ಬಾಯಿ ಬದಲಾದೊಡನೆ ಅದು ಸೂಚಿಸುವ ವ್ಯಕ್ತಿ ಬೇರೆ. ಗಣಕಯಂತ್ರಕ್ಕೂ ಇಂಥದೊಂದು ಸರ್ವನಾಮ ಬೇಕಾಗಿ ಬಂದ ಕಥೆ ಕುತೂಹಲಕರವಾದುದು.

ಯೂನಿಕ್ಸ್ ವ್ಯವಸ್ಥೆಯೂ ಸಿ ಭಾಷೆಯೂ ರೂಪುಗೊಂಡ 1970ರ ದಶಕದಲ್ಲಿ, ಕೇಳಿದ ಕೆಲಸ ಕೈಗೂಡದಿದ್ದರೆ ಅದರ ಕಾರಣವನ್ನು ‘ಎರ್‌ನೋ’ ಎಂಬ ಒಂದೇ ತಾಣದಲ್ಲಿ ಅಂಕಿಯಾಗಿ ಬರೆದಿಡುವ ರೂಢಿ ಬೆಳೆಯಿತು. ಪ್ರೋಗ್ರಾಮಿನಲ್ಲಿ ಒಂದೇ ಕಾರ್ಯಧಾರೆ ಹರಿಯುತ್ತಿದ್ದಾಗ ಇದರಿಂದ ತೊಡಕೇನೂ ಇರಲಿಲ್ಲ. ಮುಂದೆ ಹಲವು ಥ್ರೆಡ್ಡುಗಳು, ಎಂದರೆ ಎಳೆಗಳು, ಒಂದೇ ಸ್ಮೃತಿಯನ್ನು ಹಂಚಿಕೊಂಡು ನಡೆಯತೊಡಗಿದವು. ಕಡತ ಸಿಗಲಿಲ್ಲವೆಂದು ಒಂದು ಎಳೆಗಾಗಿ ಬರೆದ ಅಂಕಿಯನ್ನು ಅದು ಓದುವ ಮುನ್ನವೇ ಇನ್ನೊಂದರ ಅಂಕಿ ಅಳಿಸಿಬಿಡಬಹುದು. ಒಬ್ಬನ ಚೀಟಿ ನೋಡಿ ಮತ್ತೊಬ್ಬನಿಗೆ ಮದ್ದು ಕೊಟ್ಟಂತೆ! ಅದರಲ್ಲೂ ಇಂಥ ದೋಷ ಸಾವಿರ ಸಲ ಅಡಗಿದ್ದು, ಒಮ್ಮೆ ತಲೆದೋರಿ ಮತ್ತೆ ಮಾಯವಾಗುವಂಥದು.

ಹೆಸರು ಎಲ್ಲಕ್ಕೂ ಒಂದೇ ಇರಲಿ, ತಾಣ ಮಾತ್ರ ಎಳೆಗೊಂದಿರಲಿ ಎಂಬುದೇ ಪರಿಹಾರ. ಆದರೆ ಓಡುತ್ತಿರುವ ಎಳೆಗೆ ತಾನು ಯಾರೆಂದು ತಿಳಿಯುವುದೆಂತು? ಸ್ಮೃತಿಯಲ್ಲಿ ಬರೆದಿಡೋಣವೆಂದರೆ ಅದು ಎಲ್ಲರ ಸೊತ್ತು. ಉಳಿದದ್ದು ರಿಜಿಸ್ಟರುಗಳು. ನಮ್ಮ ಕಾಲೇಜಿನ ಹಾಜರಿ ಪುಸ್ತಕವಲ್ಲ, ಸಂಸ್ಕಾರಕದ ಒಡಲಲ್ಲೇ ಇರುವ ಪುಟ್ಟ ಗೂಡುಗಳು. ಒಂದು ಎಳೆಯನ್ನು ನಿಲ್ಲಿಸಿ ಇನ್ನೊಂದನ್ನು ಓಡಿಸುವಾಗಲೆಲ್ಲ ಕಾರ್ಯಾಚರಣ ವ್ಯವಸ್ಥೆಯು ಮೊದಲಿನದರ ಬೆಲೆಗಳನ್ನು ತೆಗೆದಿರಿಸಿ, ಬರುವುದರ ಬೆಲೆಗಳನ್ನು ತುಂಬುತ್ತದೆ. ಆದುದರಿಂದ ಒಂದು ರಿಜಿಸ್ಟರಿನಲ್ಲಿ ಆಯಾ ಎಳೆಯ ಸ್ವಂತ ತಾಣದ ವಿಳಾಸವಿದ್ದರೆ ಸಾಕು. ಅದೇ ಅದರ ‘ನಾನು’.

ಆದರೆ ಇಂಟೆಲ್ ಸಂಸ್ಥೆಯ 1985ರ 80386ರಲ್ಲಿ ಸಾಮಾನ್ಯ ಬಳಕೆಯ ರಿಜಿಸ್ಟರುಗಳು ಎಂಟೇ. ಅವುಗಳಲ್ಲೊಂದನ್ನು ಮೀಸಲಿಡುವುದು ಬಡವನು ತನ್ನ ಮನೆಯ ಕೋಣೆಯೊಂದಕ್ಕೆ ಬೀಗ ಹಾಕಿದಂತೆ. ಪುಣ್ಯಕ್ಕೆ ಅದರಲ್ಲಿ ಎಫ್‌ಎಸ್, ಜಿಎಸ್ ಎಂಬೆರಡು ಖಂಡ-ರಿಜಿಸ್ಟರುಗಳು ಹೊಸದಾಗಿ ಸೇರಿದ್ದವು. ಹಿಂದಿನ ನಾಲ್ಕರ ಹೆಸರುಗಳಿಗೆ ಅರ್ಥವಿತ್ತು. ಇವು ಇಎಸ್‌ನ ಬೆನ್ನಿಗೆ ಅಕ್ಷರಮಾಲೆಯ ಕ್ರಮದಲ್ಲಿ ಸುಮ್ಮನೆ ನಿಂತವು. 32 ಬಿಟ್ಟಿನ ವಿಂಡೋಸ್ ಎಫ್‌ಎಸನ್ನೂ ಲಿನಕ್ಸ್ ಜಿಎಸನ್ನೂ ಈ ಕೆಲಸಕ್ಕೆ ಹಚ್ಚಿದವು. 2003ರಲ್ಲಿ ಎಎಂಡಿ ಸಂಸ್ಥೆಯ 64 ಬಿಟ್ಟಿನ ಸಂಸ್ಕಾರಕಗಳು ಬಂದಾಗ ಹಳೆಯ ನಾಲ್ಕರ ಮೂಲವಿಳಾಸ ಸೊನ್ನೆಯಾಯಿತು. ಅನಾಮಧೇಯರಂತಿದ್ದ ಈ ಎರಡೇ ಉಳಿದುಕೊಂಡವು. ಅಲ್ಲಿ ಲಿನಕ್ಸ್ ಎಫ್‌ಎಸನ್ನು, ವಿಂಡೋಸ್ ಜಿಎಸನ್ನು ಹಿಡಿದದ್ದು ನಾಟಕದಲ್ಲಿ ಪಾತ್ರಗಳು ಅದಲುಬದಲಾದಂತೆ ತೋರುತ್ತದೆ.

ಈಚಿನ ರಿಸ್ಕ್-ಫೈವ್ ವಿನ್ಯಾಸದವರಿಗೆ ಇಂಥ ಬಡತನವಿರಲಿಲ್ಲ. 32 ರಿಜಿಸ್ಟರುಗಳಲ್ಲಿ ಒಂದಕ್ಕೆ ‘ಟಿಪಿ’ ಎಂದು ಹೆಸರಿಟ್ಟು, ಎಳೆಯ ಗುರುತಿಗೆಂದೇ ಎತ್ತಿಟ್ಟಿದ್ದಾರೆ.