ಆಳು ಮಾಡಿದ್ದು ಹಾಳೇ?

‘ತಾ ಮಾಡಿದ್ದು ಉತ್ತಮ, ಮಗ ಮಾಡಿದ್ದು ಮಧ್ಯಮ, ಆಳು ಮಾಡಿದ್ದು ಹಾಳು’ ಎಂಬ ಗಾದೆ ನಮ್ಮ ಒಕ್ಕಲುತನದ ಮನೆಗಳಲ್ಲಿ ಬಳಕೆಯಲ್ಲಿರುವುದು. ತನ್ನ ಹೊಲ, ತನ್ನ ಎತ್ತು, ತನ್ನ ನೇಗಿಲು ಎಂದು ಬದುಕಿದ ಕಾಲಕ್ಕೆ ಅದು ಒಪ್ಪುವ ಮಾತಾಗಿದ್ದಿರಬೇಕು. ಆದರೆ ಇಂದಿನ ಲೋಕದ ದೊಡ್ಡ ಕೆಲಸಗಳೆಲ್ಲವೂ ಆಳುಗಳು ಮಾಡಿದವೇ ಆಗಿವೆ. ಹಡಗನ್ನಾಗಲಿ, ಸೇತುವೆಯನ್ನಾಗಲಿ, ಹತ್ತು ಅಂತಸ್ತಿನ ಕಟ್ಟಡವನ್ನಾಗಲಿ ಯಾವ ಯಜಮಾನನೂ ತನ್ನ ಕೈಯಾರೆ ಕಟ್ಟಲಾರನು. ಅವು ಹಾಳಾಗದೆ ನಿಂತಿವೆಯೆಂದ ಮೇಲೆ ಗಾದೆಯ ಕೊನೆಯ ಮಾತನ್ನು ಮತ್ತೊಮ್ಮೆ ಪರೀಕ್ಷಿಸುವುದು ನ್ಯಾಯವಾಗಿದೆ.

ಗೋವೆಯಲ್ಲಿ ನೆಲೆಸಿರುವ ನಮ್ಮ ಬಾಂಧವರಿಗೆ ಈ ಪರೀಕ್ಷೆ ಬರಿಯ ಬುದ್ಧಿಯ ಕಸರತ್ತಲ್ಲ. 1961ರ ಡಿಸೆಂಬರ್ 19ರಂದು ಗೋವೆಯು ಪೋರ್ತುಗೀಜರ ಆಳ್ವಿಕೆಯಿಂದ ಬಿಡುಗಡೆಯಾದ ಮೇಲೆ ಉತ್ತರ ಕರ್ನಾಟಕದ ಬಯಲುಸೀಮೆಯಿಂದ ಕುಟುಂಬಗಳು ಘಟ್ಟ ಇಳಿದು ಬಂದವು. ಮುರಗಾಂವ ಬಂದರು, ಕಬ್ಬಿಣದ ಅದಿರಿನ ಗಣಿಗಳು, 1973ರಲ್ಲಿ ಉತ್ಪಾದನೆ ಆರಂಭಿಸಿದ ಝುವಾರಿನಗರದ ರಸಗೊಬ್ಬರದ ಕಾರ್ಖಾನೆ, ರಸ್ತೆ ಹಾಗೂ ಕಟ್ಟಡಗಳ ಕೆಲಸ ಹೀಗೆ ಎಲ್ಲೆಲ್ಲೂ ಕನ್ನಡದ ದುಡಿಮೆ ಸೇರಿದೆ. ಮೊದಲು ಆಳಾಗಿ ಬಂದವರಲ್ಲಿ ಅನೇಕರು ಈಗ ಮೇಸ್ತ್ರಿಗಳೂ ಮುಕಾದಮರೂ ಗುತ್ತಿಗೆದಾರರೂ ಆಗಿದ್ದಾರೆ. ನಿನ್ನೆ ಅಪ್ಪಣೆ ಕೇಳಿದವರು ಇಂದು ಅಪ್ಪಣೆ ಕೊಡುವ ಸ್ಥಾನದಲ್ಲಿದ್ದಾರೆ. ಆದುದರಿಂದ ಆಳು ಮಾಡಿದ್ದು ಹಾಳಾದಾಗ ತಪ್ಪು ಯಾರದು ಎಂಬ ಪ್ರಶ್ನೆ ನಮ್ಮ ಮನೆಗಳನ್ನು ಎರಡು ಕಡೆಯಿಂದಲೂ ತಟ್ಟುತ್ತದೆ.

ಅಪ್ಪಣೆಯೂ ನಿರ್ದೇಶನವೂ

ವ್ಯವಸ್ಥಾಪನೆಯನ್ನು ಒಂದು ಶಾಸ್ತ್ರವೆಂಬಂತೆ ಮೊದಲು ವಿವೇಚಿಸಿದವರಲ್ಲಿ ಫ್ರಾನ್ಸಿನ ಗಣಿ ಇಂಜಿನಿಯರರಾದ ಹೆನ್ರಿ ಫಯೋಲ್ ಅವರು ಪ್ರಮುಖರು. 1916ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಅವರು ವ್ಯವಸ್ಥಾಪಕನ ಕಾರ್ಯವನ್ನು ಐದಾಗಿ ವಿಂಗಡಿಸಿದರು: ಮುಂದಾಲೋಚನೆ, ಸಂಘಟನೆ, ಆಜ್ಞಾಪನೆ, ಹೊಂದಾಣಿಕೆ ಮತ್ತು ನಿಯಂತ್ರಣ. ಮುಂದಿನ ವಿದ್ವಾಂಸರಲ್ಲಿ ಹಲವರು ‘ಆಜ್ಞಾಪನೆ’ ಎಂಬಲ್ಲಿ ‘ನಿರ್ದೇಶನ’ ಎಂಬ ಮಾತನ್ನು ಬಳಸಿದರು. ಇದು ಶಬ್ದದ ಬದಲಾವಣೆ ಮಾತ್ರವಲ್ಲ. ಆಜ್ಞೆಯು ಕೊಟ್ಟವನ ಬಾಯಲ್ಲಿ ಮುಗಿಯುತ್ತದೆ. ನಿರ್ದೇಶನವು ಕೇಳಿದವನ ಕೈಯಲ್ಲಿ ಕೆಲಸವಾಗಿ ಮೂಡಿದಾಗ ಮಾತ್ರ ಮುಗಿಯುತ್ತದೆ. ತಿಳಿಯ ಹೇಳುವುದು, ಮೇಲ್ವಿಚಾರಣೆ ಮಾಡುವುದು, ಮುಂದಾಳಾಗಿ ನಡೆಯುವುದು, ಮನಸ್ಸಿಗೆ ಹುರುಪು ತುಂಬುವುದು ಈ ನಾಲ್ಕೂ ಅದರೊಳಗೆ ಅಡಗಿವೆ.

ನಾವು ಶಿಕ್ಷಕ ತರಬೇತಿ ಪಡೆದ ಕಾಲದಲ್ಲಿ ಪಾಠಟಿಪ್ಪಣಿ ಬರೆಯದೆ ತರಗತಿಗೆ ಕಾಲಿಡುವಂತಿರಲಿಲ್ಲ. ಮಕ್ಕಳಿಗೆ ಈಗಾಗಲೇ ಏನು ಗೊತ್ತಿದೆ ಎಂದು ತಿಳಿದುಕೊಳ್ಳಬೇಕು, ಹೊಸದನ್ನು ಅದಕ್ಕೆ ಜೋಡಿಸಿ ನಿರೂಪಿಸಬೇಕು, ಅವರಿಂದಲೇ ಮಾಡಿಸಬೇಕು, ಕೊನೆಗೆ ಪ್ರಶ್ನಿಸಿ ಪರೀಕ್ಷಿಸಬೇಕು. ಈ ಕ್ರಮದ ಮೂಲ ಜರ್ಮನಿಯ ಶಿಕ್ಷಣತಜ್ಞ ಹರ್ಬಾರ್ಟರ (1776–1841) ವಿಚಾರಗಳಲ್ಲಿದೆ. ಅದು ಶಾಲೆಯ ನಾಲ್ಕು ಗೋಡೆಗಳೊಳಗೇ ಉಳಿಯಲಿಲ್ಲವೆಂಬುದು ಸ್ವಾರಸ್ಯದ ಸಂಗತಿ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಅಮೇರಿಕೆಯ ಹಡಗುಕಟ್ಟೆಗಳಿಗೆ ಸಹಸ್ರಾರು ಹೊಸ ಕೆಲಸಗಾರರು ಬೇಕಾದಾಗ ಚಾರ್ಲ್ಸ್ ಅಲೆನ್ ಎಂಬವರು ಇದೇ ಹೆಜ್ಜೆಗಳನ್ನು ಕೈಕೆಲಸ ಕಲಿಸುವುದಕ್ಕೆ ಅಳವಡಿಸಿದರು. ಎರಡನೆಯ ಮಹಾಯುದ್ಧದಲ್ಲಿ, 1940ರಿಂದ 1945ರವರೆಗೆ, ಅಲ್ಲಿನ ಸರಕಾರವು ಈ ಕ್ರಮವನ್ನು ಕಾರ್ಖಾನೆಗಳ ಮೇಸ್ತ್ರಿಗಳಿಗೆ ಕಲಿಸಿತು; ಯುದ್ಧಾನಂತರ ಅದು ಜಪಾನಿಗೂ ಹೋಯಿತು. ಹಳ್ಳಿಯ ಶಾಲೆಯ ಮಾಸ್ತರನ ಪಾಠಟಿಪ್ಪಣಿಗೂ ಹಡಗುಕಟ್ಟೆಯ ಮೇಸ್ತ್ರಿಯ ಕೆಲಸಕ್ಕೂ ಹೀಗೆ ಬಂಧುತ್ವವಿದೆ. ಮಗುವಿಗೆ ಪಾಠ ತಿಳಿಯದಿದ್ದರೆ ಪಾಠವೇ ನಡೆಯಲಿಲ್ಲವೆಂದು ನಮಗೆ ತರಬೇತಿಯಲ್ಲಿ ಕಲಿಸಿದ್ದರು. ಕೆಲಸದ ಸ್ಥಳದಲ್ಲಿಯೂ ಇದೇ ನಿಯಮವೇಕೆ ಸಲ್ಲಬಾರದು?

ಒಂದು ಶಬ್ದದ ಬೆಲೆ

ಈ ನಿಯಮ ಸಲ್ಲದ ಕಡೆ ಏನಾಗುವುದೆಂಬುದಕ್ಕೆ ನಾವು ಬಲ್ಲ ಒಂದು ಸಂಗತಿಯನ್ನು ಹೇಳುತ್ತೇವೆ. ಜೋಳದ ಹೊಲ ಬಿಟ್ಟು ಗೋವೆಗೆ ಹೋಗಿ ತಿಂಗಳೂ ತುಂಬದಿದ್ದ ಒಬ್ಬ ಯುವಕನು ಕಟ್ಟಡವೊಂದರಲ್ಲಿ ಕೂಲಿಗೆ ನಿಂತಿದ್ದನು. ಸಂಜೆ ಹೊರಡುವ ಅವಸರದಲ್ಲಿ ಮೇಲ್ವಿಚಾರಕನು ಸಜ್ಜಾದ ಸೆಂಟ್ರಿಂಗ್ ಬಿಚ್ಚುವ ವಿಷಯವಾಗಿ ಹಿಂದಿಯಲ್ಲಿ ಒಂದು ಮಾತು ಹೇಳಿದನು. ಆ ಮಾತಿನಲ್ಲಿ ‘ಕಲ್’ ಎಂಬ ಶಬ್ದವಿತ್ತು. ಹಿಂದಿಯಲ್ಲಿ ಈ ಒಂದೇ ಶಬ್ದಕ್ಕೆ ‘ನಿನ್ನೆ’ ಎಂದೂ ‘ನಾಳೆ’ ಎಂದೂ ಅರ್ಥವುಂಟು. ಉಳಿದ ಮಾತಿನಿಂದ ಯಾವುದೆಂದು ತಿಳಿದುಕೊಳ್ಳಬೇಕು. ಹಳೆಯ ಸಜ್ಜಾದ ಸೆಂಟ್ರಿಂಗನ್ನು ನಾಳೆ ಬಿಚ್ಚಬೇಕೆಂಬುದು ಹೇಳಿದವನ ಅಭಿಪ್ರಾಯ. ನಿನ್ನೆ ಹಾಕಿದ ಸಜ್ಜಾದ್ದನ್ನು ಬಿಚ್ಚಬೇಕೆಂದು ಕೇಳಿದವನ ತಿಳುವಳಿಕೆ. ಅವನು ಬಿಚ್ಚಿದನು, ಹಸಿ ಕಾಂಕ್ರೀಟು ಕುಸಿಯಿತು. ದೈವವಶಾತ್ ಕೆಳಗೆ ಯಾರೂ ಇರಲಿಲ್ಲ. ಆದರೆ ಎಂಟು ದಿನದ ಪಗಾರ ಕಡಿತವಾಯಿತು, ‘ತಲೆಯಿಲ್ಲದವನು’ ಎಂಬ ಬಿರುದೂ ದೊರೆಯಿತು. ಮನೆಯ ಖರ್ಚು ತೂಗದೆ, ನಮ್ಮ ಶಾಲೆಯಲ್ಲಿ ಓದುತ್ತಿದ್ದ ಮಗನ ಹೆಸರು ಕಡಿಸಿ ದುಡಿಯಲು ಕರೆದೊಯ್ಯುವುದಕ್ಕೆಂದು ಅವನು ಬಂದಾಗ ಈ ವೃತ್ತಾಂತವೆಲ್ಲ ತಿಳಿಯಿತು. ಅವನ ಮನವೊಲಿಸಲು ನಮಗೆ ಎರಡು ದಿನ ಬೇಕಾಯಿತು.

ಇಲ್ಲಿ ಆಳು ಮಾಡಿದ್ದು ಹಾಳಾದುದು ನಿಜ. ಆದರೆ ಅವನಿಗೆ ಮೊದಲು ಏನು ಗೊತ್ತಿತ್ತೆಂದು ಯಾರೂ ವಿಚಾರಿಸಿರಲಿಲ್ಲ. ಯಾವ ಸಜ್ಜಾ ಎಂದು ಬೆರಳು ಮಾಡಿ ತೋರಿಸಿರಲಿಲ್ಲ. ಏನು ಮಾಡುವೆಯೆಂದು ಅವನ ಬಾಯಿಂದ ಒಮ್ಮೆ ಹೇಳಿಸಿರಲಿಲ್ಲ. ಈ ಮೂರರಲ್ಲಿ ಯಾವುದೊಂದಕ್ಕೂ ಅರ್ಧ ನಿಮಿಷಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತಿರಲಿಲ್ಲ.

ಗೋವೆಯಲ್ಲಿ ಇಂತಹ ಎಡವಟ್ಟಿಗೆ ಅವಕಾಶ ಹೆಚ್ಚು. ಕಚೇರಿಯಲ್ಲಿ ಇಂಗ್ಲಿಷು, ಊರಿನವರಲ್ಲಿ ಕೊಂಕಣಿ, ಕೆಲಸದ ಸ್ಥಳದಲ್ಲಿ ಅರೆಬರೆ ಹಿಂದಿ, ಬಿಡಾರದಲ್ಲಿ ಕನ್ನಡ. ಮಾತು ಈ ನಾಲ್ಕು ಮೆಟ್ಟಿಲು ಇಳಿದು ಬರುವಷ್ಟರಲ್ಲಿ ಅದರ ಅರ್ಥದ ಒಂದು ಭಾಗ ದಾರಿಯಲ್ಲೇ ಸೋರಿಹೋಗುತ್ತದೆ. ಭಾಷೆಯ ಈ ತೊಡಕನ್ನು ನಮ್ಮ ಸಂಸತ್ತು ಗುರುತಿಸದೆ ಇರಲಿಲ್ಲ. ಗುತ್ತಿಗೆದಾರರ ಮೂಲಕ ಒಂದು ರಾಜ್ಯದಿಂದ ಇನ್ನೊಂದಕ್ಕೆ ದುಡಿಯಲು ಹೋಗುವವರಿಗಾಗಿ 1979ರಲ್ಲಿ ಮಾಡಿದ ಕಾಯಿದೆಯು, ಪ್ರತಿಯೊಬ್ಬ ಕಾರ್ಮಿಕನಿಗೂ ಅವನ ಭಾವಚಿತ್ರವಿರುವ ಒಂದು ಪಾಸ್‌ಪುಸ್ತಕವನ್ನು ಕೊಡಬೇಕೆಂದೂ, ವೇತನದ ದರ, ಕಡಿತ ಮುಂತಾದ ವಿವರಗಳನ್ನು ಹಿಂದಿ-ಇಂಗ್ಲಿಷುಗಳಲ್ಲಿ ಮಾತ್ರವಲ್ಲದೆ ಕಾರ್ಮಿಕನ ಸ್ವಂತ ಭಾಷೆಯಲ್ಲಿಯೂ ಬರೆಯಬೇಕೆಂದೂ ವಿಧಿಸಿತ್ತು. ಆ ಕಾಯಿದೆಯ ಸ್ಥಾನದಲ್ಲಿ ಈಗ 2020ರ ಹೊಸ ಸಂಹಿತೆ ಬಂದಿದೆ. ಕಾಯಿದೆ ಯಾವುದೇ ಇರಲಿ, ತನಗೆ ಸಲ್ಲಬೇಕಾದುದನ್ನು ತನ್ನ ಭಾಷೆಯಲ್ಲಿ ತಿಳಿಯುವುದು ದುಡಿಯುವವನ ಹಕ್ಕೆಂಬ ತತ್ತ್ವ ಹಳೆಯದಾಗಲಾರದು.

ಹುರುಪು ಎಲ್ಲಿಂದ ಬರುತ್ತದೆ?

ತಿಳಿಯ ಹೇಳಿದ ಮಾತ್ರಕ್ಕೆ ಕೆಲಸ ಮನಸ್ಸಿಟ್ಟು ನಡೆಯುವುದೆಂದು ಹೇಳಲಾಗದು. ತಿಳಿದವನಿಗೂ ಮನಸ್ಸು ಬರಬೇಕು. ಈ ಮನಸ್ಸಿನ ರಹಸ್ಯವನ್ನು ಹುಡುಕುತ್ತ ಅಮೇರಿಕೆಯ ಚಿಕಾಗೋ ನಗರದ ಬಳಿಯ ಹಾಥಾರ್ನ್ ಎಂಬ ಕಾರ್ಖಾನೆಯಲ್ಲಿ 1924ರಿಂದ 1932ರವರೆಗೆ ಪ್ರಯೋಗಗಳು ನಡೆದವು. ದೀಪದ ಬೆಳಕು ಹೆಚ್ಚಿಸಿದಾಗ ಉತ್ಪಾದನೆ ಹೆಚ್ಚಿತು; ಬೆಳಕು ತಗ್ಗಿಸಿದಾಗಲೂ ಹೆಚ್ಚಿತೆಂದು ವರದಿಯಾಯಿತು. ತಮ್ಮನ್ನು ಯಾರೋ ಗಮನಿಸುತ್ತಿದ್ದಾರೆ, ತಮ್ಮ ಅಭಿಪ್ರಾಯ ಕೇಳುತ್ತಿದ್ದಾರೆ ಎಂಬುದೇ ಕೆಲಸಗಾರರಿಗೆ ಹುರುಪು ಕೊಟ್ಟಿತೆಂದು ಎಲ್ಟನ್ ಮೇಯೋ ಮೊದಲಾದವರು ಅಭಿಪ್ರಾಯಪಟ್ಟರು. ಆ ಪ್ರಯೋಗದ ಲೆಕ್ಕಾಚಾರವನ್ನು ಅನಂತರದ ವಿದ್ವಾಂಸರು ಪ್ರಶ್ನಿಸಿದ್ದಾರೆ. ಆದರೂ ಅದೇ ಕಾರ್ಖಾನೆಯಲ್ಲಿ ಸುಮಾರು 21,000 ನೌಕರರನ್ನು ಒಬ್ಬೊಬ್ಬರಾಗಿ ಕೂರಿಸಿ ಅವರ ಮಾತು ಕೇಳಿದರೆಂಬುದು ನೆನಪಿಡತಕ್ಕ ಸಂಗತಿ.

1959ರಲ್ಲಿ ಫ್ರೆಡರಿಕ್ ಹರ್ಜ್‌ಬರ್ಗ್ ಎಂಬ ಮನಶ್ಶಾಸ್ತ್ರಜ್ಞರು ಮತ್ತೊಂದು ವಿಚಾರ ಮಂಡಿಸಿದರು. ವೇತನ, ಮೇಲ್ವಿಚಾರಣೆ, ಕೆಲಸದ ಸ್ಥಳದ ಸ್ಥಿತಿಗತಿ ಇವು ಕೆಟ್ಟರೆ ಅಸಮಾಧಾನ ಹುಟ್ಟುತ್ತದೆ. ಆದರೆ ಇವು ಸರಿಯಾದ ಮಾತ್ರಕ್ಕೆ ಉತ್ಸಾಹ ಹುಟ್ಟದು. ಸಾಧಿಸಿದೆನೆಂಬ ತೃಪ್ತಿ, ಮೆಚ್ಚುಗೆ, ಹೊಣೆಗಾರಿಕೆ ಇವುಗಳಿಂದಲೇ ಉತ್ಸಾಹ. ಮಾತು ಸೊಗಸಾಗಿದೆ. ಆದರೆ ಅವರು ಪ್ರಶ್ನಿಸಿದ್ದು ಇಂಜಿನಿಯರರನ್ನೂ ಲೆಕ್ಕಿಗರನ್ನೂ. ದಿನದ ಕೂಲಿಯಿಂದಲೇ ಸಂಜೆಯ ಒಲೆ ಉರಿಯಬೇಕಾದವನಿಗೆ ಬೆನ್ನು ತಟ್ಟಿದ ಮಾತ್ರದಿಂದ ಹೊಟ್ಟೆ ತುಂಬದು. ಒಪ್ಪಿದ ಪಗಾರವನ್ನು ಒಪ್ಪಿದ ದಿನ ಕೊಡುವುದು ಮೊದಲನೆಯ ಮೆಟ್ಟಿಲು, ಮೆಚ್ಚುಗೆ ಎರಡನೆಯದು. ಮೊದಲನೆಯದನ್ನು ತಪ್ಪಿಸಿ ಎರಡನೆಯದರ ಉಪದೇಶ ಮಾಡುವವನನ್ನು ಕೆಲಸಗಾರರು ಬಹುಬೇಗ ಗುರುತಿಸುತ್ತಾರೆ. ನಮ್ಮ ಶರಣರ ಕಾಯಕದ ಹೆಸರನ್ನೂ ಕೆಲವರು ಹೀಗೆ ಅಗ್ಗದ ದುಡಿಮೆಗೆ ಬಳಸುವುದುಂಟು. ಶರಣರು ಕಾಯಕದೊಡನೆ ದಾಸೋಹವನ್ನೂ ಹೇಳಿದರೆಂಬುದನ್ನು ಅವರು ಮರೆಯುತ್ತಾರೆ.

ಕೊಂಕಣ ರೈಲಿನ ಪಾಠ

ಒಳ್ಳೆಯ ನಿರ್ದೇಶನದ ಫಲ ಎಂತಹುದೆಂದು ನೋಡಲು ಗೋವೆಯ ಕನ್ನಡಿಗರು ದೂರ ಹೋಗಬೇಕಾಗಿಲ್ಲ. ಊರಿಗೆ ಹೋಗಿಬರುವಾಗ ನಮ್ಮಲ್ಲಿ ಅನೇಕರು ಏರುವ ಕೊಂಕಣ ರೈಲೇ ಸಾಕು. 1990ರ ಜುಲೈ ತಿಂಗಳಲ್ಲಿ ಸ್ಥಾಪಿತವಾದ ಕೊಂಕಣ ರೈಲ್ವೆ ನಿಗಮವು ರೋಹಾದಿಂದ ಮಂಗಳೂರಿನ ಬಳಿಯ ತೋಕೂರಿನವರೆಗೆ ಸುಮಾರು 740 ಕಿಲೋಮೀಟರ್ ದಾರಿಯನ್ನು ಗುಡ್ಡ ಕೊರೆದು, ಹೊಳೆ ದಾಟಿಸಿ ಹಾಕಿತು. ತೊಂಬತ್ತಕ್ಕೂ ಮಿಕ್ಕಿ ಸುರಂಗಗಳು, ಸುಮಾರು 2,000 ಸೇತುವೆಗಳು. 1998ರ ಜನವರಿ 26ರಂದು ಇಡೀ ಮಾರ್ಗ ಸಂಚಾರಕ್ಕೆ ತೆರೆಯಿತು.

ಇದರ ಮೊದಲ ಅಧ್ಯಕ್ಷರೂ ವ್ಯವಸ್ಥಾಪಕ ನಿರ್ದೇಶಕರೂ ಆಗಿದ್ದ ಇ. ಶ್ರೀಧರನ್ ಅವರು ಮಾಡಿದ ಏರ್ಪಾಟು ಗಮನಾರ್ಹವಾಗಿದೆ. ಮಾರ್ಗವನ್ನು ಏಳು ವಿಭಾಗಗಳಾಗಿ ಮಾಡಿ ಒಂದೊಂದಕ್ಕೂ ಒಬ್ಬ ಮುಖ್ಯ ಇಂಜಿನಿಯರರನ್ನು ನೇಮಿಸಿದರು. ಪಣಜಿ, ಕಾರವಾರ, ಉಡುಪಿಗಳೂ ಆ ಏಳರಲ್ಲಿ ಸೇರಿದ್ದವು. ಪ್ರತಿಯೊಂದು ತೀರ್ಮಾನಕ್ಕೂ ಮುಂಬಯಿಯ ಕಚೇರಿಯ ಕಡೆ ಮುಖ ಮಾಡಿ ಕೂಡದೆ, ಕೆಲಸದ ಸ್ಥಳದಲ್ಲಿದ್ದವರೇ ನಿರ್ಧರಿಸಲು ಅಧಿಕಾರ ಪಡೆದರು. ಕಚೇರಿಗಳಲ್ಲಿ ತೂಗುಹಾಕಿದ್ದ ತಿರುಗು ಗಡಿಯಾರಗಳು ಗುರಿ ಮುಟ್ಟಲು ಇನ್ನೆಷ್ಟು ದಿನ ಉಳಿದಿದೆಯೆಂದು ತೋರಿಸುತ್ತಿದ್ದವು. ಗುರಿ ಸಾಹೇಬರ ಕಡತದಲ್ಲಿ ಅಡಗಿ ಕೂಡಲಿಲ್ಲ; ಅಧಿಕಾರಿಗೂ ಗುಮಾಸ್ತನಿಗೂ ಅದು ಒಂದೇ ಸಮನಾಗಿ ಕಾಣುತ್ತಿತ್ತು. ಕೆಲಸ ತನ್ನದೆಂಬ ಭಾವ ಹುಟ್ಟುವುದು ಹೀಗೆ.

ಆದರೆ ಈ ಕಥೆಯ ಇನ್ನೊಂದು ಮುಖವನ್ನು ಮರೆಯಲಾಗದು. ಗೋವೆಯ ಉತ್ತರದ ಪೆಡ್ನೆಯ ಸುರಂಗದಲ್ಲಿ ನೀರು ತುಂಬಿದ ಮೆತ್ತನೆಯ ಮಣ್ಣು ಅಗೆದಷ್ಟೂ ಕುಸಿಯುತ್ತ ವರ್ಷಗಟ್ಟಲೆ ಕಾಡಿತು. 2024ರ ಜುಲೈ ತಿಂಗಳ ಮಳೆಯಲ್ಲಿಯೂ ಅದೇ ಸುರಂಗದೊಳಗೆ ನೀರು ಉಕ್ಕಿ ರೈಲುಗಳು ನಿಂತುದನ್ನು ವಾಚಕರು ಬಲ್ಲರು. ಈ ಮಾರ್ಗದ ನಿರ್ಮಾಣದಲ್ಲಿ ಅನೇಕ ಕಾರ್ಮಿಕರು ಪ್ರಾಣ ತೆತ್ತರು. ರತ್ನಾಗಿರಿಯಲ್ಲಿ ಅವರ ಸ್ಮಾರಕವಿದೆ. ದಿನ ಎಣಿಸುವ ಗಡಿಯಾರ ಹುರುಪು ಕೊಡುತ್ತದೆ, ಸರಿ. ಆದರೆ ಮಣ್ಣಿನ ಮುಂದೆ ನಿಂತ ಕೆಲಸಗಾರನು ‘ಇಲ್ಲಿ ಬಿರುಕು ಕಾಣುತ್ತಿದೆ’ ಎಂದಾಗ ಆ ಮಾತು ಗಡಿಯಾರಕ್ಕಿಂತ ಮೊದಲು ಮೇಲಿನವರ ಕಿವಿ ಮುಟ್ಟಬೇಕು. ಮಾತು ಮೇಲಿನಿಂದ ಕೆಳಗೆ ಮಾತ್ರ ಹರಿದರೆ ಅದು ಅರ್ಧ ನಿರ್ದೇಶನ. ಕೆಳಗಿನಿಂದ ಮೇಲಕ್ಕೂ ಹರಿದಾಗ ಪೂರ್ಣ.

ಮುಂದಾಳುಗಳಾದ ನಮ್ಮವರಿಗೆ

ಹತ್ತು ಜನರನ್ನು ಕೆಲಸಕ್ಕೆ ಹಚ್ಚುವ ಕನ್ನಡ ಮೇಸ್ತ್ರಿಗೆ ದೊಡ್ಡ ಗ್ರಂಥಗಳ ಅವಶ್ಯಕತೆಯಿಲ್ಲ. ಅವನಲ್ಲಿ ಕಚೇರಿಯ ಸಾಹೇಬರಿಗೂ ಇಲ್ಲದ ಒಂದು ಸಂಪತ್ತಿದೆ: ಆಳಿನ ಭಾಷೆ. ಅದನ್ನು ಅವನು ಬಳಸಿಕೊಳ್ಳಲಿ. ಬೆಳಿಗ್ಗೆ ಕೆಲಸ ಹಂಚುವಾಗ ಏನು, ಹೇಗೆ ಎಂಬುದರೊಡನೆ ಏಕೆ ಎಂಬುದನ್ನೂ ಕನ್ನಡದಲ್ಲಿ ಹೇಳಲಿ. ಹೊಸಬನಿಂದ ಅದನ್ನು ಮರಳಿ ಹೇಳಿಸಲಿ; ಮೊದಲ ಸಲ ಎದುರಿಗೆ ನಿಂತು ಮಾಡಿಸಲಿ. ತಿಳಿಯದ್ದನ್ನು ಕೇಳಿದವನನ್ನು ನಗೆಗೀಡು ಮಾಡದಿರಲಿ. ಒಮ್ಮೆ ನಗೆಗೀಡಾದವನು ಮುಂದೆ ಕೇಳದೆಯೇ ಮಾಡುವನು, ಅಪಾಯ ಅಲ್ಲಿಂದಲೇ ಆರಂಭ. ತಪ್ಪನ್ನು ಬದಿಗೆ ಕರೆದು ತಿದ್ದಲಿ, ಒಳ್ಳೆಯ ಕೆಲಸವನ್ನು ನಾಲ್ವರ ಎದುರು ಹೊಗಳಲಿ. ಮುಂಗಡದ ಲೆಕ್ಕವನ್ನು ಪುಸ್ತಕದಲ್ಲಿ ಬರೆದು ಆಳಿಗೆ ಓದಿ ಹೇಳಲಿ. ಪಗಾರದ ದಿನವನ್ನು ಹಬ್ಬದ ದಿನದಂತೆ ತಪ್ಪದೆ ಪಾಲಿಸಲಿ.

ದುಡಿಯುವ ಬಾಂಧವರಿಗೂ ನಮ್ಮದೊಂದು ವಿನಂತಿ. ತಿಳಿಯದಿದ್ದಾಗ ತಲೆಯಾಡಿಸಬೇಡಿರಿ. ‘ತಿಳಿಯಲಿಲ್ಲ, ಇನ್ನೊಮ್ಮೆ ಹೇಳಿರಿ’ ಎಂಬ ಮಾತಿನಲ್ಲಿ ಅವಮಾನವೇನೂ ಇಲ್ಲ. ಈ ಒಂದು ವಾಕ್ಯವನ್ನು ಕೊಂಕಣಿಯಲ್ಲಿಯೂ ಹಿಂದಿಯಲ್ಲಿಯೂ ಕಲಿತುಕೊಂಡರೆ ಕೈಕಾಲುಗಳು ಉಳಿದಾವು. ಮನೆಗೆಲಸಕ್ಕೆ ಒಬ್ಬರನ್ನು ಇಟ್ಟುಕೊಂಡಿರುವ ಗೃಹಿಣಿಯರೂ ಈ ಮಾತುಗಳು ತಮಗೆ ಸಂಬಂಧಿಸಿದವಲ್ಲವೆಂದು ಪುಟ ತಿರುವಬಾರದು. ಅಡಿಗೆಮನೆಯೂ ಒಂದು ಕಾರ್ಯಾಲಯವೇ.

ಗಾದೆಯನ್ನು ಮಾಡಿದ ಹಿರಿಯರೇ ನಮಗೆ ಇನ್ನೊಂದು ಗಾದೆಯನ್ನೂ ಬಿಟ್ಟುಹೋಗಿದ್ದಾರೆ: ‘ಆಳಾಗಬಲ್ಲವನು ಅರಸಾಗಬಲ್ಲ.’ ಗೋವೆಯ ನಮ್ಮ ಮೇಸ್ತ್ರಿಗಳಲ್ಲಿ ಅನೇಕರು ಆಳಾಗಿ ದುಡಿದು ಬಂದವರು. ಬಿಸಿಲು, ಬೈಗುಳ, ತಡವಾದ ಪಗಾರ ಇವುಗಳ ರುಚಿ ಅವರಿಗೆ ಗೊತ್ತಿದೆ. ಆ ನೆನಪನ್ನು ಇಟ್ಟುಕೊಂಡು ಅಪ್ಪಣೆ ಕೊಡುವವನ ಕೈಕೆಳಗೆ ಆಳು ಮಾಡಿದ್ದು ಹಾಳಾಗಲಾರದು.