ಮಾವಿನ ಬಿಯರಿನಲ್ಲಿ ಮಾವೆಷ್ಟು?

ನಮ್ಮದು ಶ್ರೀನಿವಾಸಪುರದ ಕಡೆ. ಮಳೆ ನಂಬಿದ ನಾಲ್ಕೆಕರೆ. ಎರಡೆಕರೆ ತೋತಾಪುರಿ ಮಾವು, ಉಳಿದದ್ದು ರಾಗಿ. ನನಗೆ ಕುಡಿಯುವ ಅಭ್ಯಾಸವಿಲ್ಲ. ಆದರೂ ಬಿಯರ್ ಬಗ್ಗೆ ಬರೆಯಲು ಕಾರಣವಿದೆ.

ಅಣ್ಣನ ಮಗ ಬೆಂಗಳೂರಿನಲ್ಲಿ, ಬಿಯರನ್ನು ಅಲ್ಲೇ ತಯಾರಿಸಿ ಅಲ್ಲೇ ಮಾರುವ ಒಂದು ಕಡೆ ಕೆಲಸಕ್ಕಿದ್ದಾನೆ. ನೋಡಲು ಹೋದಾಗ, "ಚಿಕ್ಕಪ್ಪ, ಮಾವಿನ ಹಣ್ಣು ಹಾಕಿ ಗೋಧಿ ಬಿಯರ್ ಮಾಡವ್ರೆ, ಒಂದ್ ಗುಟುಕು ನೋಡು" ಅಂದ.

ಸಣ್ಣ ಲೋಟದಲ್ಲಿ ಕೊಟ್ಟ. ಅರಿಸಿನ ಕಲಸಿದ ನೀರಿನಂಥ ಮಬ್ಬು ಬಣ್ಣ, ಮೇಲೆ ಬೆರಳ ದಪ್ಪ ನೊರೆ. ಮೂಗಿನ ಹತ್ತಿರ ಹಿಡಿದರೆ ಹಣ್ಣು ಮಾಗಿಸಿದ ಕೋಣೆಯ ಬಾಗಿಲು ತೆಗೆದಂಥ ವಾಸನೆ. ಬಾಯಿಗೆ ಹಾಕಿದರೆ ಸಿಹಿಯೇ ಇಲ್ಲ! ತುಸು ಹುಳಿ, ಕೊನೆಗೆ ಸಣ್ಣ ಕಹಿ. ಎಲ್ಲೋ ಬಾಳೆಹಣ್ಣು, ಲವಂಗದ ಪರಿಮಳ ಬೇರೆ. "ಹಣ್ಣಿನ ಸಿಹಿ ಎಲ್ ಹೋಯ್ತಪ್ಪ?" ಅಂದೆ.

ತಯಾರಿಸುವವರೇ ಬಂದು ವಿವರಿಸಿದರು. ಬಾರ್ಲಿ, ಗೋಧಿ ಹೆಚ್ಚುಕಡಿಮೆ ಅರ್ಧರ್ಧ. ಮೊಳಕೆ ಬರಿಸಿ ಒಣಗಿಸಿದ ಕಾಳನ್ನು ಒಡೆದು ಬಿಸಿನೀರಲ್ಲಿ ನೆನೆಸಿದರೆ ಸಿಹಿ ರಸ ಬಿಡುತ್ತದೆ. ಅದನ್ನು ಹಾಪ್ಸ್ ಎಂಬ ಬಳ್ಳಿಯ ಹೂ ಹಾಕಿ ಕುದಿಸಿ, ಆರಿಸಿ, ಯೀಸ್ಟ್ ಬೆರೆಸುತ್ತಾರೆ. ಕಹಿ ಹಾಪ್ಸಿನದು, ನೊರೆ, ಮಬ್ಬು ಗೋಧಿಯದು. ಬಾಳೆ, ಲವಂಗದ ವಾಸನೆ ಯೀಸ್ಟಿನದೇ! ಹುಳಿಯುವುದು ಕಡಿಮೆಯಾದ ಮೇಲೆ ಮಾವಿನ ತಿರುಳು ಸೇರಿಸುತ್ತಾರೆ. ಅದರ ಸಕ್ಕರೆಯನ್ನೂ ಯೀಸ್ಟ್ ತಿಂದುಬಿಡುತ್ತದೆ. ಉಳಿಯುವುದು ಪರಿಮಳ, ಹುಳಿ.

ಮೊಳಕೆ ಮಾತು ಕೇಳಿ ನಗು ಬಂತು. ಮಕ್ಕಳ ರಾಗಿಸರಿಗೆ ನಮ್ಮ ಹೆಂಗಸರು ಮಾಡುವುದೂ ಇದೇ ಕೆಲಸ ತಾನೆ?

ಈಗ ಲೆಕ್ಕಕ್ಕೆ ಬರೋಣ. ಅವರು ಹಾಕುವುದು ಲೀಟರಿಗೆ 100 ಗ್ರಾಂ ತಿರುಳು. ಅರ್ಧ ಲೀಟರಿನ ಲೋಟಕ್ಕೆ 50 ಗ್ರಾಂ. ಅದಕ್ಕೆ ಹಣ್ಣು ಸುಮಾರು 100 ಗ್ರಾಂ. 2025ರಲ್ಲಿ ನನಗೆ ಸಿಕ್ಕಿದ್ದು ಕಿಲೋಗೆ 4 ರೂಪಾಯಿ. ಅಂದರೆ ಲೋಟದಲ್ಲಿ ನನ್ನ ಪಾಲು 40 ಪೈಸೆ. ಲೋಟಕ್ಕೆ ಗಿರಾಕಿ ಕೊಡುವುದು 300 ರೂಪಾಯಿಗೂ ಮೇಲೆ. ಬಾಡಿಗೆ, ಲೈಸೆನ್ಸು, ತೆರಿಗೆ ಅಂತ ಅವರಿಗೂ ಖರ್ಚಿದೆ, ಒಪ್ಪೋಣ.

"ನಮ್ ಹಣ್ಣೇ ತಗೊಳ್ಳಿ ಸ್ವಾಮಿ" ಅಂದೆ. "ಹಣ್ಣು ಬ್ಯಾಡ ಯಜಮಾನ್ರೇ, ತಿರುಳು ಕೊಡಿ. ಬಿಸಿ ಮಾಡಿ, ಗಾಳಿ ಆಡದಂತೆ ಡಬ್ಬಿ ಕಟ್ಟಿರಬೇಕು. ವರ್ಷವಿಡೀ ಒಂದೇ ರುಚಿ ಇರಬೇಕು" ಅಂದರು.

ಅಲ್ಲೇ ನಾವು ಸೋತಿರುವುದು. ನಮ್ಮ ತೋತಾಪುರಿಗೆ ಪಕ್ಕದ ಚಿತ್ತೂರಿನ ತಿರುಳು ಕಾರ್ಖಾನೆಗಳೇ ದೊಡ್ಡ ಆಸರೆ. 2025ರ ಜೂನಿನಲ್ಲಿ ಆ ಜಿಲ್ಲೆ ಹೊರರಾಜ್ಯದ ತೋತಾಪುರಿಯನ್ನು ತಡೆಯಿತು. ಬೆಲೆ ನೆಲಕಚ್ಚಿತು. ಕೇಂದ್ರ ಸರಕಾರ ಆಮೇಲೆ ಕ್ವಿಂಟಾಲಿಗೆ 1,616 ರೂಪಾಯಿ ಬೆಲೆ ನಿಗದಿ ಮಾಡಿತು. ಅಷ್ಟರಲ್ಲಿ ನಾನು ಕೀಳುವ ಕೂಲಿಯೂ ಹುಟ್ಟದೆ ಅರ್ಧ ತೋಪಿನ ಕಾಯಿ ಮರದಲ್ಲೇ ಬಿಟ್ಟಿದ್ದೆ.

ಬರುವಾಗ ಇನ್ನೊಂದು ಕಂಡೆ. ರಸ ತೆಗೆದ ಕಾಳಿನ ಹಿಂಡಿಯನ್ನು ಹಸು ಸಾಕಿದವರೊಬ್ಬರು ಡ್ರಮ್ಮಿನಲ್ಲಿ ತುಂಬಿಕೊಳ್ಳುತ್ತಿದ್ದರು. ಒದ್ದೆ ಇರುವುದರಿಂದ ಒಂದೆರಡು ದಿನದಲ್ಲೇ ಕೆಡುತ್ತದಂತೆ. ಪಟ್ಟಣದ ಹತ್ತಿರದವರು ವಿಚಾರಿಸಬಹುದು.

ಮನೆಯಲ್ಲಿ ಹೇಳಿದಾಗ ನಮ್ಮವಳು, "ಕುಡ್ದಿದ್ದಕ್ಕೆ ಈ ಬುದ್ಧಿ ಬಂತಾ?" ಅಂದಳು. ಬಂದಿರಲೂಬಹುದು. ನಾವು ಐದಾರು ಜನ ಸೇರಿ ತಿರುಳು ತೆಗೆಯುವ ಯೋಚನೆಯಲ್ಲಿದ್ದೇವೆ. ನಿಮ್ಮಲ್ಲಿ ಯಾರಾದರೂ ಸಣ್ಣ ಮಟ್ಟದಲ್ಲಿ ಮಾಡಿದ್ದರೆ ಯಂತ್ರ, ಕರೆಂಟು, ಡಬ್ಬಿಯ ಖರ್ಚು ಎಷ್ಟಾಯಿತು ಅಂತ ಪತ್ರಿಕೆಗೆ ಬರೆಯಿರಿ. ಕೈಸುಟ್ಟುಕೊಂಡಿದ್ದರೆ ಅದನ್ನೂ ಬರೆಯಿರಿ.