ದಾರಿ ಹತ್ತಿರ ಮಾಡುವ ಚಿಕಿತ್ಸೆ

ಹತ್ತನೆಯ ತರಗತಿಗೆ ಸಂತಾನೋತ್ಪತ್ತಿಯ ಪಾಠ ಮಾಡುತ್ತಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. 'ಸಾರ್, ನಮ್ಮ ಹಸುವಿಗೆ ಡಾಕ್ಟರು ಇಂಜೆಕ್ಷನ್ ಹಾಕಿ ಗಬ್ಬ ಕಟ್ಟಿಸಿದರು. ಮನುಷ್ಯರಿಗೂ ಹಾಗೆ ಮಾಡುತ್ತಾರಾ?' ತರಗತಿ ಗೊಳ್ಳೆಂದು ನಕ್ಕಿತು. ನನಗೆ ನಗು ಬರಲಿಲ್ಲ. ಹಿಂದಿನ ವಾರವಷ್ಟೇ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಮದುವೆಯಾಗಿ ನಾಲ್ಕು ವರ್ಷ, ಮಕ್ಕಳಿಲ್ಲ. ಹೆಂಡತಿ ಹರಕೆ ಹೊತ್ತು, ಔಷಧಿ ನುಂಗಿ, ಬಂಧುಗಳ ಮಾತು ಕೇಳಿ ಸೋತಿದ್ದಳು. 'ನೀನು ಪರೀಕ್ಷೆ ಮಾಡಿಸಿಕೊಂಡೆಯೇನಪ್ಪಾ?' ಎಂದು ಕೇಳಿದರೆ ತಲೆ ತಗ್ಗಿಸಿದ.

ಹುಡುಗನಿಗೆ ಹೇಳಿದೆ: ಹೌದು, ಮಾಡುತ್ತಾರೆ. ಅದನ್ನು ಚಿಕ್ಕದಾಗಿ ಐಯುಐ ಎನ್ನುತ್ತಾರೆ.

ಸಹಜವಾಗಿ ಕೋಟಿಗಟ್ಟಲೆ ವೀರ್ಯಾಣುಗಳು ಹೊರಟರೂ ಅಂಡಾಣುವಿನ ಸಮೀಪ ತಲುಪುವುವು ಕೆಲವು ನೂರು ಮಾತ್ರ. ಇತ್ತ ಬಿಡುಗಡೆಯಾದ ಅಂಡಾಣು ಬದುಕಿರುವುದು ಹೆಚ್ಚೆಂದರೆ ಒಂದು ದಿನ. ವೀರ್ಯಾಣುಗಳ ಸಂಖ್ಯೆಯೋ ಚಲನೆಯೋ ತುಸು ಕಡಿಮೆಯಿದ್ದರೆ ಈ ಪಯಣ ಅರ್ಧಕ್ಕೇ ನಿಲ್ಲಬಹುದು. ಐಯುಐ ಮಾಡುವುದು ಇಷ್ಟೇ: ಪತಿಯ ವೀರ್ಯವನ್ನು ಪ್ರಯೋಗಾಲಯದಲ್ಲಿ ತೊಳೆದು, ಚುರುಕಾದ ವೀರ್ಯಾಣುಗಳನ್ನು ಬೇರ್ಪಡಿಸಿ, ಅಂಡಾಣು ಬಿಡುಗಡೆಯಾಗುವ ಹೊತ್ತಿಗೆ ತೆಳುವಾದ ಮೃದು ನಳಿಕೆಯ ಮೂಲಕ ನೇರವಾಗಿ ಗರ್ಭಾಶಯಕ್ಕೆ ಸೇರಿಸುವುದು. ಕೆಲವೇ ನಿಮಿಷಗಳ ಕೆಲಸ, ಅರಿವಳಿಕೆ ಬೇಕಿಲ್ಲ. ಮುಂದಿನ ಮಿಲನ ದೇಹದೊಳಗೇ ನಡೆಯುತ್ತದೆ. 1978ರಲ್ಲಿ ಇಂಗ್ಲೆಂಡಿನಲ್ಲಿ ಮೊದಲು ಜನಿಸಿದ 'ಪ್ರನಾಳ ಶಿಶು'ವಿಗೂ ಇದಕ್ಕೂ ಇರುವ ವ್ಯತ್ಯಾಸ ಇದೇ. ಅಲ್ಲಿ ಅಂಡಾಣುವನ್ನು ಹೊರತೆಗೆದು ಗಾಜಿನ ಪಾತ್ರೆಯಲ್ಲಿ ಫಲಗೊಳಿಸುತ್ತಾರೆ.

ಇದು ಮಂತ್ರದಂಡವಲ್ಲ. ಸ್ತ್ರೀಯ ಒಂದು ಅಂಡನಾಳವಾದರೂ ತೆರೆದಿರಬೇಕು. ವೀರ್ಯಾಣುಗಳು ತೀರಾ ಕಡಿಮೆಯಿದ್ದರೆ ಫಲವಿಲ್ಲ. ಒಂದು ಸಲಕ್ಕೆ ಯಶಸ್ಸು ಸಾಮಾನ್ಯವಾಗಿ ನೂರಕ್ಕೆ 10ರಿಂದ 20. ಜೊತೆಗೆ ಅಂಡೋತ್ಪತ್ತಿಯ ಔಷಧಿ ಕೊಟ್ಟಾಗ ಅವಳಿಗಳಾಗುವ ಸಂಭವವೂ ಹೆಚ್ಚು. 'ಖಂಡಿತ ಮಗು' ಎಂದು ಭರವಸೆ ಕೊಡುವವರನ್ನು ನಂಬಬೇಡಿ. 2021ರ ಕಾಯಿದೆಯ ಪ್ರಕಾರ ಇಂಥ ಚಿಕಿತ್ಸಾಲಯಗಳು ನೋಂದಣಿಯಾಗಿರಲೇಬೇಕು. ಅದನ್ನು ಕೇಳಿ ತಿಳಿದುಕೊಳ್ಳಿ.

ಒಂದು ವರ್ಷ ಕೂಡಿ ಬಾಳಿದರೂ ಗರ್ಭ ನಿಲ್ಲದಿದ್ದರೆ ವೈದ್ಯರನ್ನು ಕಾಣಬೇಕು. ಹೆಂಡತಿಗೆ 35 ದಾಟಿದ್ದರೆ 6 ತಿಂಗಳಿಗೇ ಕಾಣಬೇಕು. ಹೋಗುವಾಗ ಇಬ್ಬರೂ ಹೋಗಬೇಕು. ಏಕೆಂದರೆ ಸುಮಾರು ಅರ್ಧದಷ್ಟು ದಂಪತಿಗಳಲ್ಲಿ ಗಂಡಸಿನ ಕಡೆಯ ಕಾರಣವೂ ಸೇರಿರುತ್ತದೆ. ವೀರ್ಯಪರೀಕ್ಷೆ ನೋವಿಲ್ಲದ, ಸುಲಭದ ಪರೀಕ್ಷೆ. ಅದನ್ನು ಮಾಡಿಸದೆ ಹೆಣ್ಣನ್ನು 'ಬಂಜೆ' ಎನ್ನುವುದು ಅಜ್ಞಾನವಷ್ಟೇ ಅಲ್ಲ, ಅನ್ಯಾಯ. ನನ್ನ ಹಳೆಯ ವಿದ್ಯಾರ್ಥಿಗೂ ಇದನ್ನೇ ಹೇಳಿ ಕಳಿಸಿದ್ದೆ.

ಪಾಠ ಮುಗಿಯುವ ಹೊತ್ತಿಗೆ ಹುಡುಗ ಮತ್ತೆ ಕೈಯೆತ್ತಿದ. 'ಹಾಗಾದರೆ ಆ ಮಗು ಕೃತಕವೇ ಸಾರ್?'

'ನಿಮ್ಮ ಹಸು ಹಾಕಿದ ಕರು ಕೃತಕವೇನೋ?' ಎಂದೆ.

'ಇಲ್ಲ ಸಾರ್, ಕೊಟ್ಟಿಗೆ ತುಂಬ ಕುಣಿಯುತ್ತೆ!'

ಈ ಸಲ ನಾನೂ ನಕ್ಕೆ.